ಚನ್ನಪಟ್ಟಣದ ಪೇಟೆ: ಕಸುಬುಗಳು ಮತ್ತು ಜನವರ್ಗಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಚನ್ನಪಟ್ಟಣವು ಈಗ ಬಣ್ಣದ ಆಟಿಕೆಗಳ ಊರೆಂದೇ ಪ್ರಸಿದ್ಧವಾಗಿದೆ. ಆದರೆ ಇನ್ನೂರು ವರ್ಷಗಳಿಗೂ ಹಿಂದೆ ಈ ಊರಿನ ಹೆಸರನ್ನು ದೂರದ ನಾಡುಗಳಿಗೆ ಒಯ್ದ ಸರಕುಗಳು ಬೇರೆಯೇ ಆಗಿದ್ದುವು. ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಬಳೆಗೆ ಬೇಕಾದ ಗಾಜು, ಅರಮನೆಗೆ ಸಲ್ಲುತ್ತಿದ್ದ ಬಿಳಿಯ ಸಕ್ಕರೆ, ಇವು ಅಂದಿನ ಚನ್ನಪಟ್ಟಣದ ಕೀರ್ತಿ. ಈ ಮೂರು ಕಸುಬುಗಳೂ ಅಳಿದುಹೋಗಿವೆ. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ತಲೆಯೆತ್ತಿದ ರೇಷ್ಮೆ ತ್ಯಾಜ್ಯದ ನೂಲಿನ ಗಿರಣಿಯ ಕಾಲವೂ ಮುಗಿಯಿತು. ಹಾಗಾದರೆ ಆ ಕಸುಬುಗಳನ್ನು ನಡೆಸಿದ ಜನರು ಯಾರು, ಅವರು ಎಲ್ಲಿಂದ ಬಂದರು, ಕಸುಬು ಅಳಿದ ಮೇಲೆ ಏನಾದರು ಎಂಬ ಪ್ರಶ್ನೆಗಳು ಸಹಜವಾಗಿ ಏಳುತ್ತವೆ.

ನಮ್ಮ ಪಟ್ಟಣಗಳ ಇತಿಹಾಸವನ್ನು ಬರೆಯುವಾಗ ಒಂದೊಂದು ಜಾತಿಗೂ ಒಂದೊಂದು ಕಸುಬನ್ನು ಗಂಟುಹಾಕಿ, ಆ ಗಂಟು ಅನಾದಿಯೆಂಬಂತೆ ವಿವರಿಸುವುದು ರೂಢಿಯಾಗಿದೆ. ಗೆಜೆಟಿಯರುಗಳ ಭಾಷೆಯೇ ಇಂಥದು. ಆದರೆ ಚನ್ನಪಟ್ಟಣದ ಸಂಗತಿ ಈ ಕ್ರಮಕ್ಕೆ ಒಗ್ಗುವುದಿಲ್ಲ. ಇಲ್ಲಿ ಕಸುಬುಗಳು ಬಂದುವು, ಹೋದುವು. ಅವುಗಳೊಡನೆ ಬಂದ ಜನ ಮಾತ್ರ ಬಹುಮಟ್ಟಿಗೆ ಉಳಿದುಕೊಂಡು, ಕೈಗೆ ಸಿಕ್ಕ ಬೇರೆ ಕಸುಬನ್ನು ಹಿಡಿದರು. ಆದುದರಿಂದ ಊರಿನ ಇಂದಿನ ಜನವಿನ್ಯಾಸವನ್ನು ಇಂದಿನ ಕಸುಬುಗಳಿಂದ ಅರ್ಥಮಾಡಿಕೊಳ್ಳಲಾಗದು. ಅದರ ಅಡಿಯಲ್ಲಿ ಸತ್ತುಹೋದ ಕಸುಬುಗಳ ಪದರಗಳಿವೆ. ಈ ಲೇಖನದಲ್ಲಿ ಆ ಪದರಗಳನ್ನು ಸಾಧ್ಯವಾದಷ್ಟು ಬಿಡಿಸಿ ನೋಡಲು ಯತ್ನಿಸಿದೆ. ನೆರೆಯ ರಾಮನಗರ, ಕನಕಪುರ, ಮಾಗಡಿಗಳನ್ನು ಹೋಲಿಕೆಗಾಗಿ ಅಲ್ಲಲ್ಲಿ ತಂದುಕೊಂಡಿದೆ.

ಪಟ್ಟಣಕ್ಕಿಂತ ನಾಡು ಹಳೆಯದು. ಚನ್ನಪಟ್ಟಣಕ್ಕೆ ಹೊಂದಿಕೊಂಡಂತಿರುವ ದೊಡ್ಡಮಳೂರು ಮತ್ತು ಅದರ ಸುತ್ತಿನ ಊರುಗಳಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ಕೈಸೇರಿದ ಬಳಿಕ ಕಾವೇರಿಯ ಈ ದಡದ ನಾಡೆಲ್ಲವೂ ಅವರ ಆಡಳಿತಕ್ಕೆ ಒಳಪಟ್ಟಿತು. ಮಳೂರಿನ ಅಪ್ರಮೇಯಸ್ವಾಮಿ ದೇವಾಲಯದ ಸುತ್ತ ಬೆಳೆದ ಶ್ರೀವೈಷ್ಣವ ವಸತಿಯು ಆ ಹಳೆಯ ಸಂಪರ್ಕವನ್ನು ಇಂದಿಗೂ ನೆನಪಿಗೆ ತರುತ್ತದೆ. ಎಂದರೆ ಚನ್ನಪಟ್ಟಣವು ಹುಟ್ಟುವ ಮೊದಲೇ ಇಲ್ಲಿ ಕನ್ನಡದ ಜೊತೆಗೆ ತಮಿಳು ಬೇರೂರಿತ್ತು.

ಈಗಿನ ಪಟ್ಟಣವನ್ನು ಕಟ್ಟಿಸಿದವನು ಜಗದೇವರಾಯ. ಇವನದು ತೆಲುಗು ಮಾತಿನ ಬಣಜಿಗ ಮನೆತನ. ವಿಜಯನಗರದ ಅರಸರು ಪೆನುಗೊಂಡೆಗೆ ಬಂದು ನೆಲೆಸಿದ ಮೇಲೆ, ಬಿಜಾಪುರದ ಸೈನ್ಯದಿಂದ ಆ ರಾಜಧಾನಿಯನ್ನು ರಕ್ಷಿಸಿದ ಪರಾಕ್ರಮಕ್ಕಾಗಿ ಬಾರಾಮಹಲಿನಿಂದ ಮೊದಲಾಗಿ ವಿಸ್ತಾರವಾದ ಸೀಮೆಯೊಂದು ಅವನಿಗೆ ದೊರೆಯಿತು. 1580ರ ಸುಮಾರಿಗೆ ಅವನು ಇಲ್ಲಿ ಕೋಟೆಯನ್ನು ಕಟ್ಟಿಸಿದನು. 1630ರಲ್ಲಿ ಮೈಸೂರಿನ ಒಡೆಯರು ಅದನ್ನು ವಶಪಡಿಸಿಕೊಳ್ಳುವವರೆಗೆ ಅವನ ವಂಶದವರು ಇಲ್ಲಿ ಆಳಿದರು. ಆಳಿಕೆ ಐವತ್ತು ವರ್ಷಗಳದು ಮಾತ್ರವಾದರೂ ಅದು ಊರಿಗೆ ಕೊಟ್ಟ ಆಕಾರ ಬಹುಕಾಲ ನಿಂತಿತು. ಕೋಟೆ ಒಂದು ಕಡೆ, ಪೇಟೆ ಮತ್ತೊಂದು ಕಡೆ: ಕೋಟೆಯಲ್ಲಿ ಆಡಳಿತ, ದೇವಾಲಯ, ಬ್ರಾಹ್ಮಣರ ಅಗ್ರಹಾರ, ಪೇಟೆಯಲ್ಲಿ ವರ್ತಕರು ಮತ್ತು ಕಸುಬುದಾರರು. ದಕ್ಷಿಣ ಮೈಸೂರಿನ ಪಾಳೆಯಗಾರ ಪಟ್ಟಣಗಳ ಮಾದರಿಯೇ ಇದು. ನಾಯಕರ ಹಿಂದೆ ಬಣಜಿಗರೂ ಬಳೆಗಾರರೂ ಬಂದು ನೆಲೆಸುವುದು ಆ ಕಾಲದ ಕ್ರಮವಾಗಿದ್ದುದರಿಂದ ಪೇಟೆಯಲ್ಲಿ ತೆಲುಗು ಕೇಳಿಬಂದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕಸುಬುಗಳ ವಿಚಾರ. ನಾಲ್ಕನೆಯ ಮೈಸೂರು ಯುದ್ಧ ಮುಗಿದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ಬೆಳೆ, ಕಸುಬು, ವ್ಯಾಪಾರಗಳ ವಿವರಗಳನ್ನು ಸಂಗ್ರಹಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಪ್ರವಾಸಗ್ರಂಥದಲ್ಲಿ ಚನ್ನಪಟ್ಟಣದ ಗಾಜು, ತಂತಿ, ಸಕ್ಕರೆಗಳ ಪ್ರಸ್ತಾಪ ಬರುತ್ತದೆ. ಬುಕಾನನ್ನನು ಕಂಪೆನಿಯ ಸೇವಕನೆಂಬುದನ್ನು ಮರೆಯಬಾರದು. ಯಾವ ಸೀಮೆಯಿಂದ ಏನು ದೊರೆಯಬಹುದೆಂಬುದೇ ಅವನ ಮುಖ್ಯ ಕುತೂಹಲ. ಆದರೂ ಅವನ ಕಣ್ಣು ಚುರುಕು. ಕುಲುಮೆಯ ಮುಂದೆ ನಿಂತು ಎಷ್ಟು ಇದ್ದಿಲು, ಎಷ್ಟು ಕಬ್ಬಿಣ, ಎಷ್ಟು ಕೂಲಿ ಎಂದು ಕೇಳಿ ಬರೆದುಕೊಳ್ಳುವ ತಾಳ್ಮೆ ಅವನಲ್ಲಿತ್ತು. ನಮ್ಮ ಕೈಗಾರಿಕೆಗಳ ಇತಿಹಾಸಕ್ಕೆ ಅಂಥ ಸಾಕ್ಷಿ ಅಪೂರ್ವ.

ತಂತಿಯ ಕಸುಬು ಒಂದು ಊರಿನೊಳಗೆ ಮುಗಿಯುವಂಥದಾಗಿರಲಿಲ್ಲ. ಮಾಗಡಿ ಮತ್ತು ರಾಮಗಿರಿಯ ಬೆಟ್ಟಗಳ ನಡುವಿನ ಹಳ್ಳಗಳಲ್ಲಿ ಮಳೆಗಾಲದಲ್ಲಿ ಕೊಚ್ಚಿಬರುವ ಕರಿಮರಳೇ ಕಬ್ಬಿಣದ ಅದಿರು. ಅದನ್ನು ನೀರಿನಲ್ಲಿ ತೊಳೆದು, ಹಗುರವಾದ ಮರಳನ್ನು ಕಳೆದು, ಉಳಿದುದನ್ನು ಕಾಡಿನ ಇದ್ದಿಲಿನೊಡನೆ ಸಣ್ಣ ಕುಲುಮೆಗಳಲ್ಲಿ ಕರಗಿಸುತ್ತಿದ್ದರು. ಕಬ್ಬಿಣವನ್ನು ಉಕ್ಕಾಗಿಸುವ ವಿಧಾನವು ಮೈಸೂರು ಸೀಮೆಯ ಕಮ್ಮಾರರಿಗೆ ಚೆನ್ನಾಗಿ ತಿಳಿದಿತ್ತು. ಕಬ್ಬಿಣದ ಚಿಕ್ಕ ತುಂಡನ್ನು ತಂಗಡಿ ಗಿಡದ ಕಡ್ಡಿ ಹಾಗೂ ಹಸಿರೆಲೆಗಳ ಸಂಗಡ ಜೇಡಿಮಣ್ಣಿನ ಮೂಸೆಯೊಳಗಿಟ್ಟು, ಬಾಯಿ ಮುಚ್ಚಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಕಾಯಿಸಿದರೆ ಕಡ್ಡಿಯಲ್ಲಿನ ಇಂಗಾಲವು ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ಇಂಗ್ಲಿಷರು ಊಟ್ಸ್ ಎಂದು ಕರೆದು ಬೆರಗಾದ ಉಕ್ಕು ಇದೇ. ಆ ಹೆಸರು ಕನ್ನಡದ 'ಉಕ್ಕು' ಎಂಬ ಮಾತಿನಿಂದ ಬಂದುದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಉಕ್ಕನ್ನು ಬಡಿದು ಸಣ್ಣಗೆ ಮಾಡಿ, ರಂಧ್ರಗಳುಳ್ಳ ಪಟ್ಟಿಯ ಮೂಲಕ ಒಂದಕ್ಕಿಂತ ಒಂದು ಕಿರಿದಾದ ರಂಧ್ರದಲ್ಲಿ ಎಳೆಯುತ್ತ ಹೋದರೆ ತಂತಿ ಸಿದ್ಧ.

ಈ ಸರಪಣಿಯಲ್ಲಿ ಎಷ್ಟು ಜನವರ್ಗಗಳ ಕೈಯಿತ್ತೆಂಬುದನ್ನು ಗಮನಿಸಬೇಕು. ಕಾಡಿನಂಚಿನಲ್ಲಿ ಮರ ಕಡಿದು ಇದ್ದಿಲು ಸುಡುವವರು, ಹಳ್ಳದಲ್ಲಿ ಮರಳು ತೊಳೆಯುವ ಬಡಜನ, ಕುಲುಮೆಯ ಕಮ್ಮಾರರು, ಪೇಟೆಯಲ್ಲಿ ತಂತಿ ಎಳೆಯುವವರು, ಅದನ್ನು ಕೊಂಡು ಹೇರಿನಲ್ಲಿ ಸಾಗಿಸುವ ವರ್ತಕರು. ಇವರಲ್ಲಿ ಯಾರೊಬ್ಬರೂ ಕಸುಬನ್ನು ತಮ್ಮದೇ ಎಂದು ಹೇಳುವಂತಿರಲಿಲ್ಲ. ತಂತಿಯನ್ನು ಬಿಗಿದ ವೀಣೆಯು ಮೈಸೂರಿನಲ್ಲೋ ತಂಜಾವೂರಿನಲ್ಲೋ ನುಡಿಯುತ್ತಿದ್ದಾಗ, ಮರಳು ತೊಳೆದ ಕೈಯನ್ನು ನೆನೆದವರುಂಟೋ ಇಲ್ಲವೋ!

ಬಳೆಯ ಗಾಜಿನ ವಿಷಯವೂ ಹೀಗೆಯೇ. ಗಾಜಿಗೆ ಬೇಕಾದ ಸವುಳು ಮಣ್ಣು ಹಳ್ಳಿಗಾಡಿನಿಂದ ಬರಬೇಕು. ಸೌದೆ ಕಾಡಿನಿಂದ ಬರಬೇಕು. ಬಳೆಯನ್ನು ಊರೂರಿಗೆ ಹೊತ್ತು ಮಾರಲು ಬಳೆಗಾರರು ಬೇಕು. ಮೈಸೂರು ಸಂಸ್ಥಾನದಲ್ಲಿ ಚಿತ್ರದುರ್ಗದ ಕಡೆಯ ಮತ್ತೋಡಿನಲ್ಲಿಯೂ ಈ ಕಸುಬಿತ್ತು. ಸಕ್ಕರೆಯದು ಬೇರೆ ಕಥೆ. ಕಬ್ಬು ಬೆಳೆದು ಬೆಲ್ಲ ತೆಗೆಯುವುದು ಎಲ್ಲ ರೈತರಿಗೂ ಬರುತ್ತಿದ್ದ ವಿದ್ಯೆ. ಆದರೆ ನುಣುಪಾದ ಬಿಳಿಯ ಸಕ್ಕರೆಯನ್ನು ಮಾಡುವ ರಹಸ್ಯವು ಚನ್ನಪಟ್ಟಣದ ಒಂದೇ ಮನೆತನದ ಕೈಯಲ್ಲಿತ್ತು. ಅದು ಶ್ರೀರಂಗಪಟ್ಟಣದ ಆಸ್ಥಾನಕ್ಕೆಂದೇ ಮೀಸಲು. ಗಿರಾಕಿ ಅರಮನೆಯೊಂದೇ ಆಗಿದ್ದ ಕಸುಬು ಅರಮನೆಯೊಡನೆ ಬೀಳುವುದು ಸಹಜ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಮಾರುಕಟ್ಟೆ ಹೋಯಿತು. ತಂತಿಯು ಇನ್ನೂ ಬಹುಕಾಲ ಉಳಿಯಿತು. ಬಿ. ಎಲ್. ರೈಸರ ಗೆಜೆಟಿಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೂ ಚನ್ನಪಟ್ಟಣದ ತಂತಿ, ಬಳೆ, ಅರಗಿನ ಸಾಮಾನು ಇವುಗಳ ಹೆಸರನ್ನು ಹೇಳುತ್ತದೆ. ಕೊನೆಗೆ ಯಂತ್ರಗಳಲ್ಲಿ ಎಳೆದು ಹಡಗಿನಲ್ಲಿ ಬಂದ ತಂತಿಯೆದುರು ಕೈತಂತಿ ಸೋತಿತು. 1882ರ ಹೊತ್ತಿಗೆ ಬೆಂಗಳೂರು ಮೈಸೂರು ರೈಲುಮಾರ್ಗ ಪೂರ್ಣವಾದುದು ಚನ್ನಪಟ್ಟಣದ ಸರಕು ಹೊರಹೋಗಲು ಅನುಕೂಲವಾದಂತೆ ಹೊರಗಿನ ಸರಕು ಒಳಬರಲೂ ಅನುಕೂಲವಾಯಿತು.

ಈಗ ಪೇಟೆಯ ಮುಸಲ್ಮಾನರ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಇವರನ್ನು ಒಂದೇ ಸಮುದಾಯವೆಂದು ಎಣಿಸಿ, ಹೈದರ್ ಟಿಪ್ಪುಗಳ ಕಾಲದಲ್ಲಿ ಬಂದವರೆಂದು ಹೇಳಿ ಮುಗಿಸುವುದುಂಟು. ಇದು ಅವಸರದ ಮಾತು. ರೈಸರು ಚನ್ನಪಟ್ಟಣದ ಪೇಟೆಯಲ್ಲಿ ಲಬ್ಬೆ ಮತ್ತು ದಾಯಿರಾ ಎಂಬ ಎರಡು ವರ್ಗಗಳ ಮುಸಲ್ಮಾನರು ಹೆಚ್ಚು ಸಂಖ್ಯೆಯಲ್ಲಿದ್ದುದನ್ನು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಇವೆರಡರ ಮೂಲ, ಭಾಷೆ, ಆಚಾರ ಎಲ್ಲವೂ ಬೇರೆ.

ಲಬ್ಬೆಗಳು ಪೂರ್ವತೀರದವರು. ಅರಬ್ಬೀ ವರ್ತಕರಿಗೂ ತಮಿಳು ನಾಡಿನ ಜನರಿಗೂ ಆದ ಸಂಬಂಧದಿಂದ ಹುಟ್ಟಿದ ಸಮುದಾಯವೆಂದು ಇವರನ್ನು ವರ್ಣಿಸುವುದು ವಾಡಿಕೆ. ಮನೆಮಾತು ತಮಿಳು, ವೃತ್ತಿ ಮುಖ್ಯವಾಗಿ ವ್ಯಾಪಾರ. ಇವರನ್ನು ಒಳನಾಡಿಗೆ ಕರೆತಂದುದು ಸಂತೆ ಮತ್ತು ರಸ್ತೆ; ದಂಡಿನೊಡನೆ ಇವರಿಗೆ ಸಂಬಂಧವಿರಲಿಲ್ಲ.

ದಾಯಿರಾ ಎಂದು ಕರೆಯಲ್ಪಡುವವರು ಮಹ್ದವಿ ಪಂಥದವರು. ಜೌನ್‌ಪುರದ ಸೈಯದ್ ಮುಹಮ್ಮದರು (1443-1505) ತಾವೇ ನಿರೀಕ್ಷಿತನಾದ ಮಹ್ದಿಯೆಂದು ಸಾರಿದರು. ಆ ಮಾತನ್ನು ನಂಬಿದವರು ಗುಜರಾತು, ದಕ್ಖನ್ನುಗಳಲ್ಲಿ ಹರಡಿಕೊಂಡರು. ಅವರು ಒಟ್ಟಾಗಿ ವಾಸಿಸುವ ಕೇರಿಗೆ 'ದಾಯಿರಾ', ಎಂದರೆ ವೃತ್ತ ಅಥವಾ ಆವರಣ ಎಂದು ಹೆಸರು. ವಸತಿಯ ಹೆಸರೇ ಜನಕ್ಕೂ ನಿಂತಿತು. ಮಹ್ದಿಯು ಆಗಲೇ ಬಂದು ಹೋಗಿದ್ದಾನೆಂಬ ಇವರ ನಂಬಿಕೆಯನ್ನು ಉಳಿದ ಮುಸಲ್ಮಾನರು ಒಪ್ಪಲಿಲ್ಲವಾದುದರಿಂದ ಇವರು ತಮ್ಮ ಮಸೀದಿ, ತಮ್ಮ ಮದುವೆಸಂಬಂಧಗಳನ್ನು ಬೇರೆಯಾಗಿಯೇ ಇಟ್ಟುಕೊಂಡರು. ಟಿಪ್ಪುವಿನ ಸೈನ್ಯದಲ್ಲಿ ಮಹ್ದವಿ ಸರದಾರರಿದ್ದರು. ಆದರೆ 1790ರ ದಶಕದಲ್ಲಿ ಪ್ರಾರ್ಥನೆಯ ಕ್ರಮದ ವಿಷಯದಲ್ಲಿ ವಿವಾದ ಹುಟ್ಟಿ, ಅವರನ್ನು ರಾಜ್ಯದಿಂದ ಹೊರಗೆ ಕಳುಹಿಸಲಾಯಿತು. ಮುಂದಿನ ಶತಮಾನದಲ್ಲಿ ಅದೇ ಪಂಥದವರು ಚನ್ನಪಟ್ಟಣದಲ್ಲಿ ನೆಲೆಯೂರಿ ಪಶ್ಚಿಮ ಕರಾವಳಿಯೊಡನೆ ರೇಷ್ಮೆಯ ವ್ಯಾಪಾರ ನಡೆಸುತ್ತಿದ್ದುದನ್ನು ನೋಡುತ್ತೇವೆ. ಟಿಪ್ಪುವಿನ ಕಾಲದ ಉಳಿಕೆಯೆಂದು ನಾವು ಒಟ್ಟಾರೆ ಕರೆಯುವ ಜನರಲ್ಲಿ ಟಿಪ್ಪುವೇ ಹೊರಗಟ್ಟಿದ್ದ ಪಂಥದವರೂ ಸೇರಿದ್ದಾರೆಂಬುದು ವಿದ್ಯಾರ್ಥಿಗಳು ಮನನ ಮಾಡತಕ್ಕ ಸಂಗತಿ.

ಇವರಲ್ಲದೆ ದಖನಿ ಮಾತನಾಡುವ, ಹಿಂದೆ ಕೋಟೆ ಕೊತ್ತಲಗಳಲ್ಲಿ ಸೇವೆಯಲ್ಲಿದ್ದ ಕುಟುಂಬಗಳಿದ್ದುವು. 1799ರ ನಂತರ ಸುಲ್ತಾನನ ಸೈನ್ಯ ಚದರಿದಾಗ ಇಂಥವರು ಕತ್ತಿಯನ್ನು ಬಿಟ್ಟು ಕೈಕೆಲಸ, ಗಾಡಿಹೊಡೆತ, ಸಣ್ಣ ವ್ಯಾಪಾರಗಳನ್ನು ಹಿಡಿಯಬೇಕಾಯಿತು. ರೇಷ್ಮೆ, ಅರಗಿನ ಕೆಲಸಗಳಲ್ಲಿ ಮುಂದೆ ಕಾಣಬರುವ ಕೈಗಳಲ್ಲಿ ಕೆಲವಾದರೂ ಇವರವೇ ಆಗಿರಬೇಕು. ಊರಿನ ಉತ್ತರಕ್ಕೆ ಇರುವ ಎರಡು ದೊಡ್ಡ ಗೋರಿಗಳಲ್ಲಿ ಒಂದು ಟಿಪ್ಪುವಿನ ಧರ್ಮಗುರುವೆಂದು ಪ್ರಸಿದ್ಧರಾದ ಅಖಿಲ್ ಷಾ ಖಾದ್ರಿ ಅವರದು. ಅಲ್ಲಿನ ಉರುಸಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ. ಇದನ್ನು ಸೌಹಾರ್ದದ ಕುರುಹೆಂದು ಕೊಂಡಾಡುವುದಕ್ಕಿಂತ, ಒಂದೇ ಪೇಟೆಯಲ್ಲಿ ಕೊಡುಕೊಳ್ಳುವ ಜನ ಒಂದೇ ಜಾತ್ರೆಯಲ್ಲಿ ಸೇರುವುದು ಎಲ್ಲೆಡೆಯ ರೀತಿಯೆಂದು ತಿಳಿಯುವುದು ಹೆಚ್ಚು ಸರಿಯೆಂದು ತೋರುತ್ತದೆ.

ರೇಷ್ಮೆಯ ಪ್ರವೇಶವು ಈ ಜನವಿನ್ಯಾಸಕ್ಕೆ ಹೊಸ ತಿರುವು ಕೊಟ್ಟಿತು. 1786ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಕಾಗದವೊಂದು ಕರ್ಕ್‌ಪ್ಯಾಟ್ರಿಕ್ ಎಂಬವನು ಅನುವಾದಿಸಿದ ಪತ್ರಸಂಗ್ರಹದಲ್ಲಿ ಉಳಿದಿದೆ. ರೇಷ್ಮೆಹುಳುಗಳನ್ನು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಹಿಂದಿರುಗುತ್ತಿದ್ದಾರೆ, ಹುಳು ಸಾಕಲು ತಕ್ಕ ಸ್ಥಳವನ್ನು ಸಿದ್ಧಪಡಿಸತಕ್ಕದ್ದು, ಮುಂದೆ ರಾಜ್ಯದ 21 ಕಡೆಗಳಲ್ಲಿ ಇದನ್ನು ನಡೆಸಲಾಗುವುದು ಎಂಬುದು ಅದರ ಸಾರ. ಹುಳುವನ್ನು ತಂದವರ ಹೆಸರುಗಳೆರಡೂ ನಮಗೆ ದೊರೆತಿರುವುದು ಭಾಗ್ಯ. ಈ ಕಸುಬಿನಲ್ಲಿ ಮೊದಲ ದಿನದಿಂದಲೇ ಎರಡು ಕೈಗಳು ಕೂಡಿದ್ದುವು.

ಕಾಲಕ್ರಮದಲ್ಲಿ ಆ ಎರಡು ಕೈಗಳಿಗೆ ಎರಡು ಕೆಲಸಗಳು ಹಂಚಿಕೆಯಾದುವು. ಹಿಪ್ಪುನೇರಳೆ ಬೆಳೆಯುವುದು, ಹುಳು ಮೇಯಿಸುವುದು, ಚಂದ್ರಿಕೆಗೆ ಹಾಕಿ ಗೂಡು ಕಟ್ಟಿಸುವುದು ಇವು ಹಳ್ಳಿಯ ಕೆಲಸ. ಚನ್ನಪಟ್ಟಣ, ಕನಕಪುರ, ರಾಮನಗರ ತಾಲ್ಲೂಕುಗಳಲ್ಲಿ ಇದು ಬಹುಮಟ್ಟಿಗೆ ಒಕ್ಕಲಿಗರ, ಅವರೊಡನೆ ಇತರ ರೈತಜಾತಿಗಳ ಹಾಗೂ ಪರಿಶಿಷ್ಟರ ಪಾಲಿಗೆ ಬಂದಿತು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಚರಕದ ಮೇಲೆ ನೂಲು ಬಿಚ್ಚುವುದು ಪೇಟೆಯ ಕೆಲಸ. ಅದರಲ್ಲಿ ಮುಸಲ್ಮಾನರದು ಮೇಲುಗೈ. ಕುದಿನೀರಿನ ಹಬೆ, ಸತ್ತ ಹುಳುವಿನ ನಾತ, ಬೆರಳು ಸುಲಿಯುವ ದುಡಿಮೆ ಇವುಗಳಿಂದಾಗಿ ನೂಲು ಬಿಚ್ಚಾಣಿಕೆಗೆ ಬೇರೆಯವರು ಹಿಂಜರಿದರೆಂದು ಹೇಳುವುದುಂಟು. ಹುಳುವನ್ನು ಕೊಲ್ಲುವ ಕೆಲಸವೆಂಬ ಹೇಸಿಕೆಯೂ ಇದ್ದಿತು. ಇದಕ್ಕಿಂತ ಮುಖ್ಯವಾದ ಕಾರಣ ಮತ್ತೊಂದಿದೆಯೆಂದು ನನ್ನ ಅಭಿಪ್ರಾಯ. ಬಿಚ್ಚಾಣಿಕೆಗೆ ಬೇಕಾದುದು ಭೂಮಿಯಲ್ಲ. ಒಂದು ಒಲೆ, ಒಂದು ಚರಕ, ಮನೆಮಂದಿಯ ದುಡಿಮೆ, ವಾರದ ಮಟ್ಟಿಗೆ ತಿರುಗುವ ಸ್ವಲ್ಪ ಹಣ. ಭೂಮಿಯಿಲ್ಲದೆ ಪೇಟೆಯಲ್ಲಿ ಉಳಿದ, ಹಳೆಯ ಕಸುಬೋ ಸೇವೆಯೋ ಕೈಬಿಟ್ಟುಹೋದ ಕುಟುಂಬಗಳಿಗೆ ಇದು ಹೇಳಿಮಾಡಿಸಿದಂತಿತ್ತು.

ಇಲ್ಲಿ ರಾಮನಗರದ ಹೋಲಿಕೆ ಉಪಯುಕ್ತ. ಚನ್ನಪಟ್ಟಣದಂತೆ ಅದು ಪಾಳೆಯಗಾರನ ಊರಲ್ಲ. 1800ರಲ್ಲಿ ದಿವಾನ್ ಪೂರ್ಣಯ್ಯನವರು ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ, ಕಾಡು ಕವಿದಿದ್ದ ದಾರಿಯಲ್ಲಿ ಜನವಸತಿ ಬೆಳೆಯಲೆಂದು ಸ್ಥಾಪಿಸಿದ ಪೇಟೆ. ಕ್ಲೋಸ್‌ಪೇಟೆ ಎಂಬ ಹೆಸರು ಸ್ವಾತಂತ್ರ್ಯಾನಂತರ ರಾಮನಗರವೆಂದು ಬದಲಾಯಿತು. ಭೂವಿಜ್ಞಾನಿಗಳು ಮಾತ್ರ ಅಲ್ಲಿನ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೆಂದೇ ಕರೆಯುತ್ತಾರೆ. ಹಳೆಯ ಕಸುಬುಗಳ ಭಾರವಿಲ್ಲದ ಈ ಊರನ್ನು ರೇಷ್ಮೆಯೊಂದೇ ಬೆಳೆಸಿತು. ಏಷ್ಯಾದಲ್ಲಿ ಅತಿ ದೊಡ್ಡದೆಂದು ಹೇಳಲಾಗುವ ಸರ್ಕಾರಿ ಗೂಡಿನ ಮಾರುಕಟ್ಟೆ ಅಲ್ಲಿದೆ. ಅಲ್ಲಿ ರೈತನೂ ಬಿಚ್ಚಾಣಿಕೆದಾರನೂ ಹರಾಜಿನಲ್ಲಿ ಎದುರುಬದುರಾಗುತ್ತಾರೆ.

ಕನಕಪುರ ಮತ್ತು ಮಾಗಡಿಗಳ ರೀತಿ ಬೇರೆ. ಹಿಂದೆ ಕಾನಕಾನಹಳ್ಳಿಯೆಂದು ಕರೆಯುತ್ತಿದ್ದ ಕನಕಪುರವು ಕಾಡಿಗೆ ಬಾಗಿಲಿನಂತಿರುವ ಊರು. ಸುತ್ತಿನ ಬೆಟ್ಟಗಳಲ್ಲಿ ಇರುಳಿಗರು ಜೇನು, ಬಿದಿರು, ಕಾಡುತ್ಪನ್ನಗಳಿಂದ ಬದುಕಿದವರು. ಹಾರೋಬೆಲೆಯಲ್ಲಿ ಕನ್ನಡ ಮಾತಿನ ಕಥೋಲಿಕ ಕ್ರೈಸ್ತ ರೈತರಿದ್ದಾರೆ, ಅಲ್ಲಿ ಪ್ರತಿವರ್ಷ ನಡೆಯುವ ಯೇಸುವಿನ ಮಹಿಮೆಯ ನಾಟಕ ಪ್ರಸಿದ್ಧವಾದುದು. ಮಾಗಡಿಯು 1638ರಲ್ಲಿ ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡರ ಮನೆತನವು ನೆಲೆಮಾಡಿಕೊಂಡ ಊರು. 1728ರಲ್ಲಿ ಮೈಸೂರಿನ ದಳವಾಯಿಗಳು ಅದನ್ನೂ ಸಾವನದುರ್ಗವನ್ನೂ ವಶಪಡಿಸಿಕೊಂಡರು. ರೇಷ್ಮೆಯಲ್ಲಿ ಮಾಗಡಿಯದು ಮೈಸೂರು ತಳಿಯ ಬಿತ್ತನೆಗೂಡನ್ನು ಒದಗಿಸುವ ಪಾತ್ರ. ಈ ಎರಡೂ ಊರುಗಳು ಚನ್ನಪಟ್ಟಣದ ಕಸುಬಿಗೆ ಕಬ್ಬಿಣ, ಇದ್ದಿಲು, ಮರ ಮುಂತಾದವನ್ನು ಕೊಡಬಲ್ಲ ಸೀಮೆಯಲ್ಲಿದ್ದರೂ ಅಂಥ ಕಸುಬಿನ ಪೇಟೆಗಳಾಗಲಿಲ್ಲ. ಹೆದ್ದಾರಿಯು ಅವುಗಳನ್ನು ಬಿಟ್ಟು ಹೋಗಿದ್ದುದೇ ಇದಕ್ಕೆ ಮುಖ್ಯ ಕಾರಣವಿರಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರವೇ ಕಸುಬಿನ ಯಜಮಾನನಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912-18) ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಲಾಯಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರ ಆರಂಭವಾಯಿತು. 1930ರ ದಶಕದಲ್ಲಿ, ಅಗ್ಗದ ಜಪಾನೀ ರೇಷ್ಮೆಯ ಹೊಡೆತಕ್ಕೆ ಸಿಕ್ಕಿ ಸಂಸ್ಥಾನದ ರೇಷ್ಮೆ ನಡುಗುತ್ತಿದ್ದ ಹೊತ್ತಿನಲ್ಲಿ, ಚನ್ನಪಟ್ಟಣದಲ್ಲಿ ಮೈಸೂರು ಸ್ಪನ್ ಸಿಲ್ಕ್ ಗಿರಣಿ ಸ್ಥಾಪಿತವಾಯಿತು. ಬಿಚ್ಚಾಣಿಕೆಯಲ್ಲಿ ಉಳಿಯುವ ತ್ಯಾಜ್ಯವನ್ನು ಅದುವರೆಗೆ ಕೊಂಡು ಹೊರದೇಶಕ್ಕೆ ಕಳುಹಿಸುತ್ತಿದ್ದರು. ಅದರಿಂದ ಇಲ್ಲಿಯೇ ನೂಲು ತೆಗೆಯುವುದು ಗಿರಣಿಯ ಉದ್ದೇಶ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿನ ಬಟ್ಟೆಗೆ ರೇಷ್ಮೆ ಬೇಕಾಗಿ ಮೈಸೂರಿನ ರೇಷ್ಮೆಗೆಲ್ಲ ಬೇಡಿಕೆ ಏರಿತು. ಗಿರಣಿಯ ಮಹತ್ವ ನಮ್ಮ ವಿಷಯಕ್ಕೆ ಎಲ್ಲಿದೆಯೆಂದರೆ, ಕಸುಬು ಮೊದಲ ಸಲ ಮನೆಯಿಂದ ಹೊರಬಂದಿತು. ಚರಕದ ಮುಂದೆ ಮನೆಮಂದಿಯೇ ಕೂಡುತ್ತಿದ್ದರು. ಯಂತ್ರದ ಮುಂದೆ ಪಾಳಿಯ ಪ್ರಕಾರ ನಿಲ್ಲುವವನಿಗೆ ಪಕ್ಕದವನು ಯಾವ ಕೇರಿಯವನೆಂಬುದನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಸಂಬಳ, ರಜೆ, ಸಂಘ ಇವುಗಳ ಭಾಷೆಯೂ ಪೇಟೆಗೆ ಹೊಸದು. ಆ ಗಿರಣಿಯ ಕೆಲಸ ನಿಂತಾಗ ಊರು ಕಳೆದುಕೊಂಡುದು ಕೂಲಿಯನ್ನಷ್ಟೇ ಅಲ್ಲ, ಬೇರೆಬೇರೆ ಕೇರಿಗಳ ಜನ ದಿನವೂ ಒಂದೆಡೆ ಸೇರುತ್ತಿದ್ದ ಜಾಗವನ್ನೂ ಕಳೆದುಕೊಂಡಿತು.

ಆಟಿಕೆಯ ಕಸುಬಿನ ಮೂಲದ ಬಗ್ಗೆ ಒಂದು ಕಥೆ ಈಗ ಎಲ್ಲೆಡೆ ಹೇಳಲ್ಪಡುತ್ತಿದೆ: ಟಿಪ್ಪು ಸುಲ್ತಾನನು ಪರ್ಷಿಯದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದನೆಂದು. ಕಥೆ ಚೆನ್ನಾಗಿದೆ. ಆದರೆ ಸುಲ್ತಾನನು ಮಡಿದ ಮರುವರ್ಷವೇ ಬಂದ ಬುಕಾನನ್ನನ ಬರಹದಲ್ಲಿ ಗಾಜು, ತಂತಿ, ಸಕ್ಕರೆಗಳಿಗೆ ದೊರೆತ ಪ್ರಾಧಾನ್ಯವು ಅರಗಿನ ಆಟಿಕೆಗೆ ದೊರೆತಿಲ್ಲ. ಅರಗು ಬಳಿಯುವ ಕಡಚಲು ಕೆಲಸವು ಕನ್ನಡ ನಾಡಿಗೆ ಹೊಸತೂ ಅಲ್ಲ. ಗೋಕಾಕ, ಸಾವಂತವಾಡಿ, ಆಂಧ್ರದ ಏಟಿಕೊಪ್ಪಾಕ ಮುಂತಾದೆಡೆಗಳಲ್ಲಿಯೂ ಇಂಥ ಬಣ್ಣದ ಮರಗೆಲಸ ನೆಲೆಸಿದೆ. ಒಬ್ಬ ಅರಸನ ಆಜ್ಞೆಯಿಂದ ಕಸುಬು ಹುಟ್ಟಿತೆನ್ನುವ ಕಥೆಗಿಂತ, ಕಾಡಿನ ಮರ, ಅರಗು, ಕಡಚಲು ಬಲ್ಲ ಕೈಗಳು ಇವು ಒಂದೆಡೆ ಸೇರಿದಾಗ ಕಸುಬು ನಿಧಾನವಾಗಿ ರೂಪುಗೊಂಡಿತೆನ್ನುವುದು ಚರಿತ್ರೆಗೆ ಹತ್ತಿರ.

ಕೆಲಸದ ರೀತಿ ಸರಳವಾಗಿ ಕಾಣುತ್ತದೆ. ಆಲೆಮರದ ಬಿಳಿಯ, ನುಣುಪಾದ ಕಟ್ಟಿಗೆಯನ್ನು ತಿಂಗಳುಗಟ್ಟಲೆ ಒಣಗಿಸಿ, ಕಡಚಲು ಯಂತ್ರದಲ್ಲಿ ತಿರುಗಿಸುತ್ತ ಉಳಿಯಿಂದ ಆಕಾರ ಕೊಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಬಿಸಿಯಿಂದ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯೆಂದು ಇಲ್ಲಿಯವರು ಕರೆಯುವ ಕೇದಗೆ ಜಾತಿಯ ಎಲೆಯಿಂದ ಒತ್ತಿ ಉಜ್ಜಿದಾಗ ಹೊಳಪು ಬರುತ್ತದೆ. ಎಷ್ಟು ಒತ್ತಬೇಕೆಂಬುದು ಕೈಗೆ ಗೊತ್ತಿರುತ್ತದೆ, ಬಾಯಿಂದ ಹೇಳಿ ಕಲಿಸುವುದು ಕಷ್ಟ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜಪಾನೀ ಕ್ರಮವನ್ನು ತಿಳಿದುಕೊಂಡು ಈ ಕಸುಬನ್ನು ಸುಧಾರಿಸಿದವರೆಂದು ಬಾವಾಸ್ ಮಿಯಾ ಅವರ ಹೆಸರನ್ನು ಊರಿನವರು ಗೌರವದಿಂದ ಸ್ಮರಿಸುತ್ತಾರೆ. ಇಂದು ಕಡಚಲಿನ ಮುಂದೆ ಮುಸಲ್ಮಾನರೂ ಹಿಂದೂಗಳೂ, ಗಂಡಸರೂ ಹೆಂಗಸರೂ ಕೂಡುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಿಯ ರಕ್ಷಣೆ ದೊರೆಯಿತು. ಈ ರಕ್ಷಣೆ ಸ್ಥಳಕ್ಕೆ ದೊರೆಯುವಂಥದು, ಜಾತಿಗಲ್ಲ ಎಂಬುದು ನಮ್ಮ ವಾದಕ್ಕೆ ಒಪ್ಪುವ ಸಂಗತಿ. 2023ರಲ್ಲಿ ತೆರೆದ ಹೊಸ ದಶಪಥ ಹೆದ್ದಾರಿಯು ಊರನ್ನು ಬದಿಗಿಟ್ಟು ಸಾಗಿದುದರಿಂದ ಹಳೆಯ ರಸ್ತೆಯ ಬದಿಯ ಆಟಿಕೆ ಅಂಗಡಿಗಳ ವ್ಯಾಪಾರ ಕುಗ್ಗಿತು. ರಸ್ತೆಯಿಂದ ಬದುಕಿದ ಪೇಟೆಗೆ ರಸ್ತೆಯೇ ದೂರವಾಯಿತು.

ಜನಗಣತಿಯ ಕೋಷ್ಟಕಗಳನ್ನು ಓದುವ ವಿದ್ಯಾರ್ಥಿಗೆ ಈ ಇತಿಹಾಸದ ಪ್ರಯೋಜನವೇನು? 2011ರ ಗಣತಿಯಂತೆ ಚನ್ನಪಟ್ಟಣದ ಜನಸಂಖ್ಯೆ ಸುಮಾರು 72,000, ರಾಮನಗರದ್ದು ಸುಮಾರು 95,000. ಕೋಷ್ಟಕವು ಜನರನ್ನು ಧರ್ಮದಿಂದ ಒಂದು ಕಡೆ, ಮಾತೃಭಾ‌ಷೆಯಿಂದ ಇನ್ನೊಂದು ಕಡೆ ಎಣಿಸುತ್ತದೆ. ಲಬ್ಬೆ, ದಾಯಿರಾ, ದಖನಿ ಎಂಬ ಭೇದಗಳೆಲ್ಲ 'ಮುಸ್ಲಿಂ' ಎಂಬ ಒಂದು ಅಂಕಣದಲ್ಲಿ ಕರಗುತ್ತವೆ. ಮನೆಯಲ್ಲಿ ಉರ್ದು, ಮಾರುಕಟ್ಟೆಯಲ್ಲಿ ಕನ್ನಡ, ಹಿರಿಯರೊಡನೆ ತಮಿಳು ಅಥವಾ ತೆಲುಗು ಆಡುವವನಿಗೆ ಮಾತೃಭಾಷೆಯ ಅಂಕಣದಲ್ಲಿ ಒಂದೇ ಮಾತು ಸಲ್ಲುತ್ತದೆ. ಅಂಕಿಗಳು ಸುಳ್ಳಲ್ಲ, ಅವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ.

ಇದರ ಪರಿಣಾಮ ಪುಸ್ತಕದಲ್ಲಿಯೇ ನಿಲ್ಲುವುದಾದರೆ ಚಿಂತೆಯಿರಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ರೈತನು ಬಿಚ್ಚಾಣಿಕೆದಾರನನ್ನು ದೂರುತ್ತಾನೆ. ನೂಲಿನ ಬೆಲೆ ಇಳಿದಾಗ ಬಿಚ್ಚಾಣಿಕೆದಾರನು ಗೂಡಿನ ದರವನ್ನು ದೂರುತ್ತಾನೆ. ಇದು ಕೊಳ್ಳುವವನ ಮತ್ತು ಮಾರುವವನ ಜಗಳ. 1959ರಲ್ಲಿ ರೇಷ್ಮೆಗೂಡು ಮತ್ತು ನೂಲಿನ ಮಾರಾಟವನ್ನು ಕ್ರಮಪಡಿಸಲು ಶಾಸನ ಬಂದುದೂ ಇಂಥ ಜಗಳಗಳಿಗೆ ನ್ಯಾಯವಾದ ತಕ್ಕಡಿಯೊಂದು ಬೇಕೆಂಬ ಕಾರಣದಿಂದ. ಆದರೆ ರೈತನೆಂದರೆ ಒಂದು ಧರ್ಮ, ಬಿಚ್ಚಾಣಿಕೆದಾರನೆಂದರೆ ಇನ್ನೊಂದು ಧರ್ಮ ಎಂದು ಎರಡೇ ಅಂಕಣಗಳಲ್ಲಿ ಯೋಚಿಸುವ ಅಭ್ಯಾಸವಾದವನಿಗೆ ಬೆಲೆಯ ಜಗಳವು ಬೇರೆ ಬಗೆಯ ಜಗಳವಾಗಿ ಕಾಣತೊಡಗುತ್ತದೆ. ಈ ಹಂಚಿಕೆ ಹೇಗೆ ಉಂಟಾಯಿತು, ಅದಕ್ಕೆ ಮೊದಲು ಅದೇ ಪೇಟೆಯಲ್ಲಿ ತಂತಿಯ, ಗಾಜಿನ ಬೇರೆ ಹಂಚಿಕೆಗಳಿದ್ದು ಹೇಗೆ ಕರಗಿದುವು ಎಂಬುದನ್ನು ಬಲ್ಲವನು ಆ ತಪ್ಪಿಗೆ ಬೇಗ ಬೀಳಲಾರನು.

ಈಗ ಹೊಸ ಪದರವೊಂದು ಸೇರುತ್ತಿದೆ. 1990ರ ದಶಕದ ಕೊನೆಯಲ್ಲಿ ಬಿಡದಿಯಲ್ಲಿ ಟೊಯೋಟಾ ಮೋಟಾರು ಕಾರ್ಖಾನೆ ಆರಂಭವಾದಂದಿನಿಂದ ಆ ಭಾಗಕ್ಕೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳ ದುಡಿಮೆಗಾರರು ಬರುತ್ತಿದ್ದಾರೆ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದುವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸರ್ಕಾರ ನಿರ್ಧರಿಸಿತು. ಸೀಮೆಯ ಮುಖ ಬೆಂಗಳೂರಿನ ಕಡೆಗೆ ತಿರುಗಿದೆಯೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಹಳೆಯ ಪದರಗಳ ಸಾಕ್ಷ್ಯವನ್ನು ಸಂಗ್ರಹಿಸಲು ಇನ್ನೂ ಅವಕಾಶವಿದೆ. ಅದಕ್ಕೆ ದೊಡ್ಡ ಗ್ರಂಥಾಲಯ ಬೇಕಾಗಿಲ್ಲ. ಚನ್ನಪಟ್ಟಣದ ಕೇರಿಗಳ ಹೆಸರುಗಳನ್ನು ಹಿರಿಯರು ಹೇಳುವಂತೆಯೇ ಬರೆದುಕೊಳ್ಳುವುದು, ಮಸೀದಿ ದರ್ಗಾ ದೇವಾಲಯಗಳಲ್ಲಿನ ದಾನಫಲಕಗಳನ್ನು ಓದುವುದು, ಕಡಚಲು ಮನೆಯಲ್ಲಿ ಮತ್ತು ಚರಕದ ಮನೆಯಲ್ಲಿ ಉಪಕರಣಗಳಿಗೆ ಬಳಸುವ ಮಾತುಗಳನ್ನು ಪಟ್ಟಿಮಾಡಿ ಅವುಗಳಲ್ಲಿ ಕನ್ನಡವಾವುದು, ದಖನಿಯಾವುದು, ತೆಲುಗಾವುದು ಎಂದು ಬಿಡಿಸುವುದು, ಇವು ಸ್ನಾತಕ ತರಗತಿಯ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸಗಳು. ತಂತಿ ಎಳೆಯುತ್ತಿದ್ದ ಮನೆಗಳ ಸಂತತಿಯವರು ಈಗ ಯಾವ ಕಸುಬಿನಲ್ಲಿದ್ದಾರೆಂಬುದನ್ನು ಕೇರಿಯಿಂದ ಕೇರಿಗೆ ಹೋಗಿ ವಿಚಾರಿಸುವುದು ಮೊದಲಾಗಬೇಕು. ಅದನ್ನು ಹೇಳಬಲ್ಲ ತಲೆಮಾರು ವಯಸ್ಸಾದವರದು.